ಅಪು ಛತ್ರಿ ಹಿಡಿದು ಹೊರಟ ದಿನ

ಕಳೆದ ಭಾನುವಾರ ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಪಥೇರ್ ಪಾಂಚಾಲಿ’ ನೋಡಿದೆ. “ಕಪ್ಪು-ಬಿಳುಪಾ ಅಜ್ಜೀ?” ಎಂದು ಇಬ್ಬರೂ ಮುಖ ಸಿಂಡರಿಸಿದರು. ಅಕ್ಕ ತನ್ನ ಪೆನ್ನು ಕದ್ದಳೆಂದು ತಮ್ಮ ಬೆಳಗ್ಗೆಯಷ್ಟೇ ಅಮ್ಮನಿಗೆ ದೂರು ಕೊಟ್ಟಿದ್ದ. ಹಾಗಾಗಿ ಒಬ್ಬರು ನನ್ನ ಎಡಕ್ಕೆ, ಒಬ್ಬರು ಬಲಕ್ಕೆ!

ಬಿಭೂತಿಭೂಷಣ ಬಂದ್ಯೋಪಾಧ್ಯಾಯರ ಕಾದಂಬರಿಯನ್ನು ಆಧರಿಸಿ ಸತ್ಯಜಿತ್ ರಾಯ್ 1955ರಲ್ಲಿ ತೆರೆಗೆ ತಂದ ಬಂಗಾಳಿ ಚಿತ್ರವಿದು. ರಾಯ್ ಅವರಿಗೆ ಇದೇ ಮೊದಲ ಸಿನಿಮಾ. ಹಣವಿಲ್ಲದೆ ಚಿತ್ರೀಕರಣ ಮತ್ತೆ ಮತ್ತೆ ನಿಂತಿತು. ಅಕ್ಕ ದುರ್ಗಾ, ತಮ್ಮ ಅಪು ರೈಲು ನೋಡಲು ಓಡುವ ಆ ಬಿಳಿ ಕಾಶ ಹೂಗಳ ಬಯಲಿದೆಯಲ್ಲ, ಅಲ್ಲಿ ಒಂದು ದಿನ ಕೆಲಸ ಮಾಡಿ ಮತ್ತೆ ಹೋಗುವಷ್ಟರಲ್ಲಿ ದನಗಳು ಹೂವನ್ನೆಲ್ಲ ಮೇದುಬಿಟ್ಟಿದ್ದವಂತೆ. ಮತ್ತೆ ಹೂ ಬಿಡಲು ಮರುವರ್ಷದವರೆಗೆ ಕಾಯಬೇಕಾಯಿತು! ಇದನ್ನು ಕೇಳಿ ಮಕ್ಕಳು ನಕ್ಕರು. ಆಮೇಲೆ ನಗಲಿಲ್ಲ.

ನಾನು ಮೊದಲ ಸಲ ನೋಡಿದಾಗ ದುರ್ಗಾಳಿಗಾಗಿ ಅತ್ತಿದ್ದೆ. ಈ ಸಲ ಬೊಚ್ಚುಬಾಯಿಯ ಮುದುಕಿ ಇಂದಿರ್ ಠಾಕ್ರುನ್ ಗಂಟು ಹಿಡಿದು ಮನೆಯಿಂದ ಹೊರಟಾಗಲೇ ಕಣ್ಣು ತುಂಬಿತು. ವಯಸ್ಸಿನ ಪ್ರಭಾವ ಇರಬೇಕು. ಆ ಪಾತ್ರ ಮಾಡಿದ ಚುನಿಬಾಲಾ ದೇವಿ, ಚಿತ್ರ ಬಿಡುಗಡೆಯಾಗುವ ಮೊದಲೇ ತೀರಿಕೊಂಡರು.

ಮಳೆಯಲ್ಲಿ ನೆನೆದ ದುರ್ಗಾಳಿಗೆ ಜ್ವರ ಬರುತ್ತದೆ. ಬಿರುಗಾಳಿಯ ರಾತ್ರಿ ಕಳೆಯುವಷ್ಟರಲ್ಲಿ ಅವಳಿಲ್ಲ. ಊರೂರು ಅಲೆದು ಮರಳಿದ ಅಪ್ಪ, ವಿಷಯ ತಿಳಿಯದೆ ಅವಳಿಗೆಂದು ತಂದ ಸೀರೆ ತೋರಿಸುತ್ತಾನೆ. ಅದನ್ನು ಕಚ್ಚಿಕೊಂಡು ತಾಯಿ ಅಳುವಾಗ ಅವಳ ದನಿ ನಮಗೆ ಕೇಳಿಸುವುದೇ ಇಲ್ಲ. ಬದಲಿಗೆ ತಾರ್ ಶಹನಾಯಿ ಎಂಬ ತಂತಿವಾದ್ಯ ಚೀರುತ್ತದೆ. ಸಂಗೀತ ರವಿಶಂಕರ್ ಅವರದು.

ಆದರೆ ನನ್ನ ಎದೆ ಹಿಂಡಿದ್ದು ಅದಕ್ಕೂ ಸಣ್ಣ ದೃಶ್ಯ. ಮೊದಲೆಲ್ಲ ಶಾಲೆಗೆ ಹೊರಡಲು ಅಪುವನ್ನು ಅಕ್ಕನೇ ಎಬ್ಬಿಸಬೇಕಿತ್ತು. ಈಗ ತಾನೇ ಹಲ್ಲುಜ್ಜುತ್ತಾನೆ, ತಾನೇ ತಲೆ ಬಾಚಿಕೊಳ್ಳುತ್ತಾನೆ. ಹೊರಗೆ ಕಾಲಿಟ್ಟವನು ಆಕಾಶ ನೋಡಿ, ಒಳಗೆ ಬಂದು ಛತ್ರಿ ತೆಗೆದುಕೊಂಡು ಹೋಗುತ್ತಾನೆ. ಅಷ್ಟೇ. ಒಂದು ಮಾತಿಲ್ಲ. ಹುಡುಗ ದೊಡ್ಡವನಾಗಿಬಿಟ್ಟ.

ಊರು ಬಿಡುವ ಹೊತ್ತಿಗೆ ಅಟ್ಟಣಿಗೆಯಲ್ಲಿ ಅವನಿಗೊಂದು ಮಣಿಸರ ಸಿಗುತ್ತದೆ. ಅದನ್ನು ಕದ್ದಳೆಂದು ಹಿಂದೆ ನೆರೆಯಾಕೆ ದೂರಿದಾಗ ದುರ್ಗಾ ಒಪ್ಪಿರಲಿಲ್ಲ. ಅಮ್ಮ ಅವಳ ಕೂದಲು ಹಿಡಿದು ಎಳೆದು ಹೊರಗೆ ಹಾಕಿದ್ದಳು. ಅಪು ಓಡಿಹೋಗಿ ಸರವನ್ನು ಕೊಳಕ್ಕೆ ಎಸೆಯುತ್ತಾನೆ. ನೀರಿನ ಮೇಲಿನ ಪಾಚಿ ಸರಿದು, ನಿಧಾನವಾಗಿ ಮತ್ತೆ ಕೂಡಿಕೊಳ್ಳುತ್ತದೆ.

“ಅಮ್ಮನಿಗೆ ಯಾಕೆ ತೋರಿಸಲಿಲ್ಲ ಅಜ್ಜೀ?” ಎಂದಳು ಮೊಮ್ಮಗಳು.

ನಾನು ಬಾಯಿ ತೆರೆಯುವ ಮೊದಲೇ ನಾಲ್ಕನೇ ಕ್ಲಾಸಿನ ತಮ್ಮ ಹೇಳಿದ: “ತೋರಿಸಿದ್ರೆ ಅಕ್ಕನ್ನ ಮತ್ತೆ ಕಳ್ಳಿ ಅಂತಾರಲ್ಲ.”

ಅವಳು ಏನೂ ಹೇಳಲಿಲ್ಲ. ಎದ್ದು ಬಂದು ಅವನ ಪಕ್ಕದಲ್ಲಿ ಕುಳಿತಳು. ಮುಂದಿನ ಭಾನುವಾರ ಅಪುವಿನ ಮುಂದಿನ ಕಥೆ, ‘ಅಪರಾಜಿತೊ’ ನೋಡುವುದೆಂದು ನಿಶ್ಚಯವಾಗಿದೆ.