ಅರ್ಧ ದಾರಿಯಲ್ಲಿ ನಿಲ್ಲಿಸುವ ಲೋಹ

ಬೆಳಗಾದರೆ ಚಿಕ್ಕಬಾಣಾವರದಿಂದ ತುಮಕೂರು ರಸ್ತೆಯ ಎಂಟನೇ ಮೈಲಿಯತ್ತ ಸಾಲುಗಟ್ಟುವ ಪೆಟ್ರೋಲ್ ಕಾರುಗಳ ಹೊಗೆ ಕೊಳವೆಯೊಳಗೆ ಪಲ್ಲಾಡಿಯಂ, ಪ್ಲಾಟಿನಂ, ರೋಡಿಯಂನಂಥ ಲೋಹಗಳ ನವಿರಾದ ಲೇಪವಿರುತ್ತದೆ. ಎಂಜಿನ್ನಿನಲ್ಲಿ ಅರೆಬೆಂದು ಉಳಿದ ಇಂಧನವನ್ನು ಪೂರ್ತಿ ಸುಟ್ಟು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿಸುವುದು ಅದರ ಒಂದು ಕೆಲಸ. ಅದೇ ಪಲ್ಲಾಡಿಯಂ ಬೇರೊಂದು ಕಾರ್ಖಾನೆಯಲ್ಲಿ ಇದಕ್ಕೆ ತದ್ವಿರುದ್ಧವಾದ ಕೆಲಸ ಮಾಡುತ್ತದೆ: ಆಲ್ಕೀನಿಗೆ ಒಂದೇ ಒಂದು ಆಮ್ಲಜನಕ ಪರಮಾಣುವನ್ನು ಕೂಡಿಸಿ, ಆಲ್ಡಿಹೈಡ್ ಆದೊಡನೆ ಬಿಟ್ಟುಬಿಡುತ್ತದೆ. ಎರಡು ಇಂಗಾಲಗಳ ನಡುವೆ ಜೋಡಿ ಬಂಧವಿರುವ ಅಣು ಆಲ್ಕೀನ್. ಅದು ಆಮ್ಲವಾಗುವ, ಕೊನೆಗೆ ಬೂದಿಯೂ ಉಳಿಯದಂತೆ ಉರಿದುಹೋಗುವ ದಾರಿಯ ನಡುವಿನ ತಂಗುದಾಣ ಆಲ್ಡಿಹೈಡ್. ಬೆಂಕಿ ಹಚ್ಚುವುದು ಸುಲಭ, ನಡುವೆ ನಿಲ್ಲಿಸುವುದು ಕಷ್ಟ. ಈ ನಿಲ್ಲಿಸುವ ಗುಣ ಲೋಹದ ಹುಟ್ಟುಗುಣವಲ್ಲ, ಅದರ ನೆರೆಹೊರೆಯಿಂದ ಬಂದದ್ದು ಎಂಬುದು ನನ್ನ ವಾದ.

ಪಲ್ಲಾಡಿಯಂ ಕ್ಲೋರೈಡ್ ಎಥಿಲೀನನ್ನು ಅಸಿಟಾಲ್ಡಿಹೈಡ್ ಮಾಡುತ್ತದೆಂಬುದು 1894ರಷ್ಟು ಹಿಂದೆಯೇ ಗೊತ್ತಿತ್ತು. ಆದರೆ ಒಂದು ಸಲ ಕೆಲಸ ಮಾಡಿದ ಪಲ್ಲಾಡಿಯಂ ಕಪ್ಪು ಪುಡಿಯಾಗಿ ತಳ ಸೇರುತ್ತಿತ್ತು. ಜರ್ಮನಿಯ ವ್ಯಾಕರ್ ಸಂಸ್ಥೆಯ ರಸಾಯನಜ್ಞರು 1950ರ ದಶಕದ ಕೊನೆಯಲ್ಲಿ ಅದಕ್ಕೆ ತಾಮ್ರದ ಕ್ಲೋರೈಡಿನ ಜೊತೆ ಕೊಟ್ಟರು. ತಾಮ್ರ ಪಲ್ಲಾಡಿಯಂ ಅನ್ನು ಮತ್ತೆ ಕೆಲಸಕ್ಕೆ ಅಣಿ ಮಾಡುತ್ತದೆ, ಗಾಳಿಯ ಆಮ್ಲಜನಕ ತಾಮ್ರವನ್ನು ಅಣಿ ಮಾಡುತ್ತದೆ. ಸೋಜಿಗವೆಂದರೆ ಆಲ್ಡಿಹೈಡಿಗೆ ಸೇರುವ ಆಮ್ಲಜನಕ ಬರುವುದು ಗಾಳಿಯಿಂದಲ್ಲ, ನೀರಿನಿಂದ. ಹಿಂದೆ ಅಸಿಟಾಲ್ಡಿಹೈಡನ್ನು ಅಸಿಟಿಲೀನಿನಿಂದ ಪಾದರಸ ಬಳಸಿ ತಯಾರಿಸುತ್ತಿದ್ದರು. ಜಪಾನಿನ ಮಿನಮಾಟದಲ್ಲಿ ಆ ಪಾದರಸ ಕೊಲ್ಲಿಯ ಮೀನುಗಳಿಗೆ, ಮೀನಿನಿಂದ ಮನುಷ್ಯರಿಗೆ ಹರಿದು ನರಗಳನ್ನೇ ಹಾಳುಗೆಡವಿತು. ಕಾಯಿಲೆ 1956ರಲ್ಲಿ ಬೆಳಕಿಗೆ ಬಂದರೂ ಆ ಕಾರ್ಖಾನೆ ಅಂಥ ಉತ್ಪಾದನೆ ನಿಲ್ಲಿಸಿದ್ದು 1968ರಲ್ಲಿ. ತಾನು ಖರ್ಚಾಗದೆ ಕ್ರಿಯೆಯನ್ನು ಚುರುಕುಗೊಳಿಸುವ ಇಂಥ ಕ್ರಿಯಾವರ್ಧಕದ ಆಯ್ಕೆ ಪ್ರಯೋಗಶಾಲೆಯ ಗೋಡೆಯೊಳಗೇ ಮುಗಿಯುವ ವಿಚಾರವಲ್ಲ ಎನ್ನಲು ಇದಕ್ಕಿಂತ ದಾರುಣ ಸಾಕ್ಷಿ ಬೇಕೆ?

ನೆರೆಹೊರೆಯ ಮಾತಿಗೆ ಪುರಾವೆ ಚಿಕ್ಕಬಾಣಾವರದ ಹತ್ತಿರದಲ್ಲೇ ಇದೆ. ಯಶವಂತಪುರಕ್ಕೆ ತಾಗಿಕೊಂಡಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ಎಸ್. ಹೆಗ್ಡೆ ಮತ್ತು ಸಂಗಡಿಗರು ಪಲ್ಲಾಡಿಯಂ ಅನ್ನು ಲೋಹದ ಕಣವಾಗಿ ಮೇಲೆ ಮೆತ್ತದೆ, ಸೀರಿಯಂ ಆಕ್ಸೈಡಿನ ಹರಳಿನೊಳಗೆ ಅಯಾನುಗಳಾಗಿ ಕೂರಿಸಿದರು. ಸುತ್ತಲಿನ ಹರಳು ತನ್ನ ಆಮ್ಲಜನಕವನ್ನೇ ಕಡ ಕೊಡುವುದರಿಂದ ಹೊಗೆಯ ವಿಷಾನಿಲ ಹೆಚ್ಚು ಚುರುಕಾಗಿ ಉರಿಯುತ್ತದೆ. ಅವರ ಗುರಿ ಪೂರ್ತಿ ಸುಡುವುದಾಗಿತ್ತು, ನಿಲ್ಲಿಸುವುದಲ್ಲ. ಆದರೂ ಲೋಹ ಅದೇ ಇದ್ದು ಮನೆ ಬದಲಾದರೆ ನಡತೆ ಬದಲಾಗುತ್ತದೆಂಬುದನ್ನು ಆ ಕೆಲಸ ತೋರಿಸಿತು.

ಹಿಂದೆ ಅಸಿಟಾಲ್ಡಿಹೈಡಿನಿಂದ ತಯಾರಾಗುತ್ತಿದ್ದ ಅಸಿಟಿಕ್ ಆಮ್ಲವನ್ನು ಇಂದು ಮುಖ್ಯವಾಗಿ ಮೆಥನಾಲಿನಿಂದ ಮಾಡುತ್ತಾರೆ, ಹಾಗಾಗಿ ವ್ಯಾಕರ್ ವಿಧಾನದ ಕಾಲ ಮುಗಿಯಿತಲ್ಲವೇ ಎಂದು ಕೇಳಬಹುದು. ಅಸಿಟಾಲ್ಡಿಹೈಡಿನ ಮಟ್ಟಿಗೆ ಆ ಮಾತಿನಲ್ಲಿ ಹುರುಳಿದೆ. ಆದರೆ ಊದುಬತ್ತಿ, ಸೋಪಿನ ಪರಿಮಳಕ್ಕೆ, ಔಷಧಿ ತಯಾರಿಕೆಗೆ ಬೇಕಾದ ಆಲ್ಡಿಹೈಡುಗಳು ಹಲವು. ಅಲ್ಲಿಯೇ ವ್ಯಾಕರ್ ವಿಧಾನ ಎಡವುವುದು: ಎಥಿಲೀನಿಗಿಂತ ಉದ್ದದ ಆಲ್ಕೀನ್ ಕೊಟ್ಟರೆ ಆಮ್ಲಜನಕ ತುದಿಯ ಇಂಗಾಲವನ್ನು ಬಿಟ್ಟು ಪಕ್ಕದ್ದಕ್ಕೆ ಅಂಟಿ, ಆಲ್ಡಿಹೈಡಿನ ಬದಲು ಕೀಟೋನ್ ಬರುತ್ತದೆ. 2013ರಲ್ಲಿ ರಸಾಯನಜ್ಞ ರಾಬರ್ಟ್ ಗ್ರಬ್ಸ್ ಅವರ ತಂಡ ಪಲ್ಲಾಡಿಯಂ, ತಾಮ್ರದ ಜೊತೆಗೆ ನೈಟ್ರೈಟ್ ಲವಣವನ್ನೂ ಸೇರಿಸಿ, ಆಮ್ಲಜನಕ ಹೆಚ್ಚಾಗಿ ತುದಿಗೇ ಹೋಗುವಂತೆ ಮಾಡಿತು. ಇಲ್ಲೂ ಲೋಹ ಹಳೆಯದು, ಹೊಸದಾಗಿ ಬಂದವರು ನೆರೆಯವರು.

ಇಷ್ಟು ದುಬಾರಿ ಲೋಹವನ್ನೇ ಏಕೆ ನೆಚ್ಚಬೇಕು ಎಂಬುದು ಇನ್ನೊಂದು ಆಕ್ಷೇಪ, ಇದು ನ್ಯಾಯವಾದದ್ದು. ಪಲ್ಲಾಡಿಯಂ ಬಹುಪಾಲು ಬರುವುದು ರಷ್ಯಾ ಮತ್ತು ದಕ್ಷಿಣ ಆಫ್ರಿಕಾದ ಗಣಿಗಳಿಂದ. ಇದಕ್ಕೆ ಉತ್ತರ ಕಬ್ಬಿಣದಿಂದ ಬರತೊಡಗಿದೆ. 2017ರಲ್ಲಿ ರಸಾಯನಜ್ಞೆ ಫ್ರಾನ್ಸಿಸ್ ಅರ್ನಾಲ್ಡ್ ಅವರ ತಂಡ ಕಬ್ಬಿಣವುಳ್ಳ ಕಿಣ್ವವೊಂದನ್ನು ಪೀಳಿಗೆಯಿಂದ ಪೀಳಿಗೆಗೆ ತಿದ್ದಿ, ಸ್ಟೈರೀನಿನಂಥ ಆಲ್ಕೀನುಗಳನ್ನು ನೇರವಾಗಿ ಆಲ್ಡಿಹೈಡ್ ಮಾಡಿಸಿತು. ಕಿಣ್ವದ ಒಂದೊಂದು ಅಣುವೂ ಆ ಕೆಲಸವನ್ನು ಸಾವಿರಾರು ಸಲ ಮಾಡುತ್ತದೆ. ಕಿಣ್ವದಲ್ಲಿ ಕಬ್ಬಿಣ ಕೂತಿರುವುದು ಹೀಮ್ ಎಂಬ ಉಂಗುರದ ನಡುವೆ. ನಮ್ಮ ರಕ್ತದ ಹಿಮೋಗ್ಲೋಬಿನ್ನಿನಲ್ಲಿರುವುದೂ ಅದೇ ಉಂಗುರ, ಅದೇ ಕಬ್ಬಿಣ. ಅಲ್ಲಿ ಅದರ ಪಕ್ಕಕ್ಕೆ ಹಿಸ್ಟಿಡಿನ್, ಇಲ್ಲಿ ಗಂಧಕವಿರುವ ಸಿಸ್ಟೀನ್. ಬಹುಮಟ್ಟಿಗೆ ಈ ವ್ಯತ್ಯಾಸದಿಂದಲೇ ಒಂದು ಕಬ್ಬಿಣ ಆಮ್ಲಜನಕವನ್ನು ಹೊತ್ತು ತಂದು ಹಾಗೇ ಒಪ್ಪಿಸುತ್ತದೆ, ಇನ್ನೊಂದು ಅದನ್ನು ಸೀಳಿ ಎದುರಿನ ಅಣುವಿಗೆ ಹೊಸೆಯುತ್ತದೆ.