ಬಂಬ ತೆಗೆದು ಗ್ಯಾಸ್ ಗೀಸರ್ ಹಾಕುವಾಗ: ಕೊಳವೆ ಹೇಗಿರಬೇಕು?

ಬೆಳಗಾವಿಯ ವಡಗಾವಿ, ಶಹಾಪುರ ಭಾಗದ ಹಳೆಯ ಮನೆಗಳ ಬಚ್ಚಲಿನಲ್ಲಿ ಬಹುಕಾಲ ನೀರು ಕಾಯಿಸಿದ್ದು ತಾಮ್ರದ ಬಂಬ. ನಡುವೆ ಬೆಂಕಿ ಉರಿಯುವ ನಳಿಗೆ, ಅದರ ಸುತ್ತ ನೀರು. ಮೇಲಿನಿಂದ ಕೊಡದಲ್ಲಿ ನೀರು ಸುರಿದು, ಕೆಳಗಿನ ನಲ್ಲಿಯಿಂದ ಬಿಸಿನೀರು ಹಿಡಿದುಕೊಂಡರಾಯಿತು. ಬಂಬಕ್ಕೆ ನೀರಿನ ಒತ್ತಡವೂ ಬೇಡ, ಕೊಳವೆಯ ಜೋಡಣೆಯೂ ಬೇಡ. ಅದರ ಜಾಗಕ್ಕೆ ಗ್ಯಾಸ್ ಗೀಸರ್ ಬಂದಾಗ ನಾಲ್ಕು ಕೊಳವೆಗಳು ಬೇಕಾಗುತ್ತವೆ: ತಣ್ಣೀರಿನದು, ಬಿಸಿನೀರಿನದು, ಅನಿಲದ್ದು ಮತ್ತು ಹೊಗೆಯದು. ಗೀಸರಿನ ಬೆಲೆ, ಗುರುತು ನೋಡಿ ಕೊಳ್ಳುವ ನಾವು ಈ ನಾಲ್ಕನ್ನು ಕೆಲಸದವರಿಗೇ ಬಿಟ್ಟುಬಿಡುತ್ತೇವೆ. ಆದರೆ ಗೀಸರ್ ಸರಿಯಾಗಿ ಕೆಲಸ ಮಾಡುವುದೂ ಮನೆಯವರ ಜೀವ ಸುರಕ್ಷಿತವಾಗಿರುವುದೂ ಈ ಕೊಳವೆಗಳನ್ನೇ ಅವಲಂಬಿಸಿವೆ.

ತಣ್ಣೀರಿನ ಕೊಳವೆ: ಒಳವ್ಯಾಸ ಮುಖ್ಯ

ಗೀಸರಿನೊಳಗೆ ರಬ್ಬರಿನ ಒಂದು ಪೊರೆ ಇರುತ್ತದೆ. ನೀರು ಸಾಕಷ್ಟು ರಭಸದಿಂದ ಹರಿದಾಗ ಮಾತ್ರ ಅದು ಅನಿಲದ ಕವಾಟವನ್ನು ತೆರೆಯುತ್ತದೆ. ಹರಿವು ಕಡಿಮೆಯಾದರೆ ಉರಿ ಹೊತ್ತುವುದಿಲ್ಲ. ಮಾಳಿಗೆಯ ಮೇಲಿನ ಟ್ಯಾಂಕು ಷವರಿಗಿಂತ 3 ಮೀಟರ್ ಎತ್ತರದಲ್ಲಿದೆ ಎನ್ನೋಣ. ನಮಗಿರುವ ಒತ್ತಡ ಇಷ್ಟೇ.

ಮಿನಿಟಿಗೆ 6 ಲೀಟರ್ ನೀರು 15 ಮಿ.ಮೀ. ಒಳವ್ಯಾಸದ ನಯವಾದ ಕೊಳವೆಯಲ್ಲಿ 10 ಮೀಟರ್ ಹರಿದರೆ ಘರ್ಷಣೆಯಿಂದ ಸುಮಾರು 35 ಸೆಂ.ಮೀ. ಎತ್ತರದಷ್ಟು ಒತ್ತಡ ನಷ್ಟವಾಗುತ್ತದೆ. ವ್ಯಾಸ ಕಿರಿದಾದಂತೆ ಈ ನಷ್ಟ ಹೆಚ್ಚುಕಡಿಮೆ ವ್ಯಾಸದ ಐದನೆಯ ಘಾತದಂತೆ ಏರುತ್ತದೆ. ಹಳೆಯ ಜಿ.ಐ. ಕೊಳವೆಯಲ್ಲಿ ತುಕ್ಕು ಕಟ್ಟಿ ದಾರಿ 10 ಮಿ.ಮೀ.ಗೆ ಇಳಿದಿದ್ದರೆ ನಷ್ಟ ಎರಡೂವರೆ ಮೀಟರನ್ನು ಮೀರುತ್ತದೆ. ಮೂರು ಮೀಟರಿನಲ್ಲಿ ಗೀಸರಿಗೆ ಉಳಿಯುವುದು ಏನೂ ಇಲ್ಲ. 'ಹೊಸ ಗೀಸರ್ ಹೊತ್ತುತ್ತಿಲ್ಲ' ಎಂಬ ಎಷ್ಟೋ ದೂರುಗಳಿಗೆ ಕಾರಣ ಗೀಸರಲ್ಲ, ಗೋಡೆಯೊಳಗಿನ ಹಳೆಯ ಕೊಳವೆ.

ಹಾಗೆಂದು ಅರ್ಧ ಇಂಚಿನ ಜಿ.ಐ. ತೆಗೆದು ಅರ್ಧ ಇಂಚಿನ ಸಿ.ಪಿ.ವಿ.ಸಿ. ಹಾಕಿದರೆ ಸಾಲದು. ಹೆಸರು ಒಂದೇ ಆದರೂ ಒಳವ್ಯಾಸ ಬೇರೆ. ಜಿ.ಐ.ಯಲ್ಲಿ ಅದು ಸುಮಾರು 16 ಮಿ.ಮೀ., ಸಿ.ಪಿ.ವಿ.ಸಿ.ಯಲ್ಲಿ ಸುಮಾರು 12.5 ಮಿ.ಮೀ. ಅಷ್ಟಕ್ಕೇ ನಷ್ಟ ಮೂರು ಪಟ್ಟಿಗೂ ಹೆಚ್ಚಾಗುತ್ತದೆ. ಪಿ.ಪಿ.ಆರ್. ಕೊಳವೆಯ ಮೇಲೆ ಅಚ್ಚಾಗಿರುವುದು ಹೊರವ್ಯಾಸ. ಅದರ ಗೋಡೆಯೂ ದಪ್ಪ. ಆದ್ದರಿಂದ ಟ್ಯಾಂಕಿನಿಂದ ಗೀಸರಿನವರೆಗೆ ಮುಕ್ಕಾಲು ಇಂಚಿನ ಕೊಳವೆ, ಆದಷ್ಟು ಕಡಿಮೆ ಬಾಗುಗಳು - ಇದು ಒಳ್ಳೆಯ ನಿಯಮ.

ಬಿಸಿನೀರಿನ ಕೊಳವೆ: ಗಿಡ್ಡದಾಗಿರಲಿ

ಇಲ್ಲಿ ದೊಡ್ಡ ವ್ಯಾಸದಿಂದ ಲಾಭವಿಲ್ಲ. 15 ಮಿ.ಮೀ. ಒಳವ್ಯಾಸದ 10 ಮೀಟರ್ ಕೊಳವೆಯಲ್ಲಿ ಸುಮಾರು 1.8 ಲೀಟರ್ ನೀರು ನಿಲ್ಲುತ್ತದೆ, 20 ಮಿ.ಮೀ. ಆದರೆ 3 ಲೀಟರ್ ದಾಟುತ್ತದೆ. ನಲ್ಲಿ ತಿರುಗಿಸಿದಾಗಲೆಲ್ಲ ಮೊದಲು ಬರುವುದು ಈ ತಣಿದ ನೀರು. ಗೀಸರನ್ನು ಬಚ್ಚಲಿನ ಗೋಡೆಯ ಹೊರಬದಿಗೆ, ಮಳೆ ಬೀಳದಂತೆ ಮರೆಮಾಡಿ ಕೂರಿಸಿದರೆ ಕೊಳವೆಯೂ ಗಿಡ್ಡದಾಗುತ್ತದೆ, ಮುಂದೆ ಹೇಳುವ ಅಪಾಯವೂ ತಪ್ಪುತ್ತದೆ.

ಸಾಮಾನ್ಯ ಪಿ.ವಿ.ಸಿ. ಸುಮಾರು 45° ಸೆ.ವರೆಗೆ ಮಾತ್ರ ಸಲ್ಲುತ್ತದೆ. ಬಿಸಿನೀರಿಗೆ ಐ.ಎಸ್. 15778 ಗುರುತಿನ ಸಿ.ಪಿ.ವಿ.ಸಿ. ಬೇಕು, ಇದು 82° ಸೆ.ವರೆಗೆ ತಾಳುತ್ತದೆ. ಅದರ ಅಂಟೂ ಬೇರೆ, ಪಿ.ವಿ.ಸಿ. ಅಂಟು ನಡೆಯದು. ಗೀಸರಿನ ಬಾಯಿಗೆ ನೇರವಾಗಿ ಪ್ಲಾಸ್ಟಿಕ್ ಜೋಡಿಸದೆ ಮೊದಲು ಲೋಹದ ಒಂದು ತುಂಡು ಹಾಕಬೇಕು. 10 ಮೀಟರ್ ಸಿ.ಪಿ.ವಿ.ಸಿ. ಕೊಳವೆ 40° ಸೆ. ಕಾದರೆ ಸುಮಾರು 25 ಮಿ.ಮೀ. ಹಿಗ್ಗುತ್ತದೆ, ತಾಮ್ರ ಸುಮಾರು 7 ಮಿ.ಮೀ. ಹಿಗ್ಗಲು ಎಡೆ ಬಿಡದೆ ಬಿಗಿದರೆ ಸಂದುಗಳು ಬಿಡುತ್ತವೆ. ತಾಮ್ರ ಬಳಸಿದಲ್ಲಿ ನೀರಿನ ಹರಿವಿನಲ್ಲಿ ಅದರ ಮುಂದಕ್ಕೆ ಜಿ.ಐ. ಬರಬಾರದು. ನೀರಿನಲ್ಲಿ ಕರಗಿ ಬಂದ ತಾಮ್ರ ಸತುವಿನ ಲೇಪದ ಮೇಲೆ ಕೂತು ವಿದ್ಯುದ್ರಾಸಾಯನಿಕ ಕ್ರಿಯೆಯಿಂದ ಅದನ್ನು ಕೊರೆಯುತ್ತದೆ.

ಅನಿಲದ ಕೊಳವೆ

ಮಿನಿಟಿಗೆ 6 ಲೀಟರ್ ನೀರಿನ ತಾಪವನ್ನು 25° ಸೆ. ಏರಿಸಲು ಗಂಟೆಗೆ 9,000 ಕಿಲೊಕ್ಯಾಲರಿ ಬೇಕು. ಒಂದು ಕಿಲೋಗ್ರಾಂ ಅಡುಗೆ ಅನಿಲದಿಂದ ಸುಮಾರು 11,000 ಕಿಲೊಕ್ಯಾಲರಿ ಸಿಗುತ್ತದೆ. ಪೋಲಾಗುವುದನ್ನು ಲೆಕ್ಕ ಹಿಡಿದರೆ ಗಂಟೆಗೆ ಹತ್ತಿರಹತ್ತಿರ 1 ಕಿ.ಗ್ರಾಂ. ಅನಿಲ ಬೇಕು - ಐದಾರು ಒಲೆಗಳು ಒಟ್ಟಿಗೆ ಉರಿದಂತೆ. ಆದುದರಿಂದ ಒಲೆಯ ರಬ್ಬರ್ ನಳಿಗೆಯನ್ನು ಕತ್ತರಿಸಿ ಗೀಸರಿಗೆ ಕವಲು ತೆಗೆಯುವುದು ತಪ್ಪು. ಐ.ಎಸ್.ಐ. ಗುರುತಿನ ಸುರಕ್ಷಾ ನಳಿಗೆ ಒಂದೂವರೆ ಮೀಟರಿಗಿಂತ ಉದ್ದವಿರಬಾರದು, ನಡುವೆ ಜೋಡು ಇರಬಾರದು, ಗೋಡೆ ತೂರಿ ಹೋಗಬಾರದು. ಐದು ವರ್ಷಕ್ಕೊಮ್ಮೆ ಬದಲಿಸಬೇಕು. ದೂರ ಹೆಚ್ಚಿದ್ದರೆ ಅಧಿಕೃತ ಕೆಲಸಗಾರರಿಂದ ಲೋಹದ ಕೊಳವೆ ಹಾಕಿಸಬೇಕು. ಸಂದುಗಳನ್ನು ಸೋಪಿನ ನೀರಿನಿಂದ ಪರೀಕ್ಷಿಸಬೇಕು, ಬೆಂಕಿಕಡ್ಡಿಯಿಂದಲ್ಲ.

ಗೇಲ್ ಸಂಸ್ಥೆಯ ದಾಭೋಳ-ಬೆಂಗಳೂರು ಕೊಳವೆಮಾರ್ಗ 2013ರಲ್ಲಿ ಕಾರ್ಯಾರಂಭ ಮಾಡಿದ ಮೇಲೆ ಬೆಳಗಾವಿಗೂ ನೈಸರ್ಗಿಕ ಅನಿಲ ಬಂದಿದೆ. ಅದರ ಒತ್ತಡವೂ ಶಾಖಮೌಲ್ಯವೂ ಸಿಲಿಂಡರಿನ ಅನಿಲದಂತಲ್ಲ. ಹಳೆಯ ಗೀಸರನ್ನು ಹಾಗೆಯೇ ಅದಕ್ಕೆ ಜೋಡಿಸಬಾರದು. ನಾಜಲ್ ಬದಲಾಗಬೇಕು, ಇಲ್ಲವೆ ಗೀಸರೇ ಬದಲಾಗಬೇಕು.

ಹೊಗೆ ಕೊಳವೆ: ಜೀವದ ಪ್ರಶ್ನೆ

ಒಂದು ಕಿ.ಗ್ರಾಂ. ಅನಿಲ ಉರಿಯಲು ಸುಮಾರು 12 ಘನ ಮೀಟರ್ ಗಾಳಿ ಬೇಕು. ಇಪ್ಪತ್ತು ಮಿನಿಟಿನ ಸ್ನಾನಕ್ಕೆ 4 ಘನ ಮೀಟರ್ ಎಂದಾಯಿತು. ಒಂದೂವರೆ ಮೀಟರ್ ಅಗಲ, 1.8 ಮೀಟರ್ ಉದ್ದ, 2.4 ಮೀಟರ್ ಎತ್ತರದ ಬಚ್ಚಲಿನಲ್ಲಿರುವ ಗಾಳಿಯೇ 6.5 ಘನ ಮೀಟರ್. ಚಳಿಗೆಂದು ಕಿಟಕಿ ಮುಚ್ಚಿದ್ದರೆ ಆಕ್ಸಿಜನ್ ಇಳಿಯುತ್ತಾ ದಹನ ಅಪೂರ್ಣವಾಗಿ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೋಗ್ಲೋಬಿನ್‌ಗೆ ಇದು ಆಕ್ಸಿಜನ್‌ಗಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ಅಂಟಿಕೊಳ್ಳುತ್ತದೆ. ತಲೆ ಸುತ್ತಿದೆ ಎಂದು ತಿಳಿಯುವಷ್ಟರಲ್ಲಿ ಬಾಗಿಲು ತೆರೆಯುವ ಶಕ್ತಿ ಇರುವುದಿಲ್ಲ.

ಆದ್ದರಿಂದ ಗೀಸರ್ ಬಚ್ಚಲಿನ ಹೊರಗೆ, ಗಾಳಿಯಾಡುವಲ್ಲಿ ಇರಬೇಕು. ಹೊಗೆ ಕೊಳವೆ ಲೋಹದ್ದಾಗಿದ್ದು ಬಯಲಿಗೆ ತೆರೆಯಬೇಕು. ಬಚ್ಚಲಿನ ಕಿಟಕಿಯ ಪಕ್ಕಕ್ಕೂ ಅಟ್ಟದೊಳಕ್ಕೂ ಅಲ್ಲ. ಉರಿ ನೀಲಿಯಾಗಿರಬೇಕು. ಹಳದಿಯಾಗಿ ಮಸಿ ಕಟ್ಟತೊಡಗಿದರೆ ಗೀಸರ್ ನಿಲ್ಲಿಸಿ ದುರಸ್ತಿ ಮಾಡಿಸಬೇಕು. ಬಂಬದ ಹೊಗೆ ಕಣ್ಣು ಉರಿಸಿ ನಮ್ಮನ್ನು ಹೊರಗಟ್ಟುತ್ತಿತ್ತು. ಗೀಸರಿನ ಹೊಗೆ ಹಾಗೆ ಎಚ್ಚರಿಸುವುದಿಲ್ಲ. ಖರ್ಚು ಉಳಿಸಬೇಕೆಂದಿದ್ದರೆ ಗೀಸರಿನ ಅಂದದಲ್ಲಿ ಉಳಿಸಿ, ಕೊಳವೆಯಲ್ಲಿ ಬೇಡ.