ಆಯ್ದಕ್ಕಿಯ ಅಳತೆ: ಮಿತಬಳಕೆ ಮತ್ತು ದಾಸೋಹ

ನಿತ್ಯಜೀವನದಲ್ಲಿ ಮಿತಬಳಕೆಯನ್ನು ರೂಢಿಸಿಕೊಳ್ಳಬೇಕೆಂಬ ಮಾತು ಇಂದು ಎಲ್ಲೆಡೆಯೂ ಕೇಳಿಬರುತ್ತಿದೆ. ನೀರನ್ನು ಉಳಿಸಿರಿ, ಅನ್ನವನ್ನು ಚೆಲ್ಲದಿರಿ, ಕಸವನ್ನು ವಿಂಗಡಿಸಿರಿ ಎಂಬ ಉಪದೇಶಗಳು ಶಾಲೆಯ ಗೋಡೆಗಳ ಮೇಲೂ ಕಾಣುತ್ತವೆ. ಇವೆಲ್ಲವೂ ಯುಕ್ತವಾದುವೇ. ಆದರೆ 'ಉಳಿದದ್ದು ಯಾರಿಗೆ ಸಲ್ಲಬೇಕು?' ಎಂಬ ಪ್ರಶ್ನೆಯನ್ನು ಎತ್ತುವವರು ವಿರಳ. ಹನ್ನೆರಡನೆಯ ಶತಮಾನದ ಶರಣರು ಪರಿಸರಶಾಸ್ತ್ರವನ್ನು ಬೋಧಿಸಿದರೆಂದು ಹೇಳಿದರೆ ಅದು ಕಾಲವ್ಯತಿಕ್ರಮದೋಷವಾದೀತು. ಆದರೆ ಮೇಲಿನ ಪ್ರಶ್ನೆಯನ್ನು ಅವರಷ್ಟು ನೇರವಾಗಿ ಕೇಳಿದವರು ಅಪರೂಪ. ಅದನ್ನು ಕೇಳಿದವಳು ಆಯ್ದಕ್ಕಿ ಲಕ್ಕಮ್ಮ.

ಮಾರಯ್ಯ-ಲಕ್ಕಮ್ಮ ದಂಪತಿಗಳು ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರೆಂದು ಸಂಪ್ರದಾಯ ಹೇಳುತ್ತದೆ. ಕಲ್ಯಾಣಕ್ಕೆ ಬಂದ ಮಾರಯ್ಯ ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದನ್ನೇ ಕಾಯಕವಾಗಿಸಿಕೊಂಡನು. ಒಂದು ದಿನ ಆತನು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ಅದನ್ನು ಒಲೆಗೆ ಏರಿಸಲಿಲ್ಲ. ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಶೂನ್ಯಸಂಪಾದನೆಯಲ್ಲಿ ಈ ಪ್ರಸಂಗಕ್ಕೆ ಪ್ರತ್ಯೇಕ ಸ್ಥಾನವೇ ದೊರೆತಿದೆ.

ಇಲ್ಲಿ ಸೂಕ್ಷ್ಮವಾಗಿ ಗಮನಿಸಬೇಕಾದ ಅಂಶವೊಂದುಂಟು. ಮಾರಯ್ಯ ಕದ್ದವನಲ್ಲ, ನೆಲಕ್ಕೆ ಬಿದ್ದುದನ್ನು ಆಯ್ದವನು. ಲೋಕದ ದೃಷ್ಟಿಯಲ್ಲಿ ಆ ಅಕ್ಕಿಗೆ ಒಡೆಯನೇ ಇಲ್ಲ. ಆದರೂ ಅಗತ್ಯವನ್ನು ಮೀರಿದ ಕ್ಷಣದಲ್ಲಿಯೇ ಅದು ಪರರ ಪಾಲಾಯಿತೆಂದು ಲಕ್ಕಮ್ಮ ಬಗೆದಳು. ಇದು ಕೃಪಣತೆಯಲ್ಲ. ಕೃಪಣನು ತನ್ನ ಕಣಜಕ್ಕಾಗಿ ಉಳಿಸುತ್ತಾನೆ. ಲಕ್ಕಮ್ಮನ ಮನೆಯಲ್ಲಿ ಕಣಜವೇ ಇರಲಿಲ್ಲ. ಇದು ಕೇವಲ ದೇಹದಂಡನೆಯೂ ಅಲ್ಲ. ಅಳತೆಯ ಅಕ್ಕಿಯಿಂದಲೇ ಆಕೆ ಜಂಗಮರಿಗೆಲ್ಲ ದಾಸೋಹ ನಡೆಸಿದಳೆಂದು ಕಥೆ ಮುಂದುವರಿಯುತ್ತದೆ. ಆದುದರಿಂದ ಮಿತಿ ಮತ್ತು ದಾನ ಇಲ್ಲಿ ಎರಡಲ್ಲ. ಮಿತಿಯಿಲ್ಲದ ದಾಸೋಹ ಆಡಂಬರವಾಗುತ್ತದೆ; ದಾಸೋಹವಿಲ್ಲದ ಮಿತಿ ಜಿಪುಣತನವಾಗುತ್ತದೆ.

ಈ ಅಳತೆಗೋಲನ್ನು ಹಿಡಿದು ನಮ್ಮ ಕಾಲದ ಮನೆಗಳನ್ನು ನೋಡೋಣ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ನುಗಳಷ್ಟು ಆಹಾರ ವ್ಯರ್ಥವಾಯಿತು. ಬಳಕೆದಾರರಿಗೆ ದೊರೆತ ಆಹಾರದಲ್ಲಿ ಇದು ಶೇ. 19ರಷ್ಟು. ಅದರಲ್ಲಿ ಶೇ. 60ರಷ್ಟು ಹಾಳಾದುದು ಉಪಾಹಾರಗೃಹಗಳಲ್ಲಿ ಅಲ್ಲ, ಅಂಗಡಿಗಳಲ್ಲಿಯೂ ಅಲ್ಲ, ಮನೆಗಳಲ್ಲಿ. ಅದೇ ಕಾಲದಲ್ಲಿ ಹಸಿವಿನಿಂದ ಬಳಲುತ್ತಿದ್ದವರು 78 ಕೋಟಿಗೂ ಮಿಕ್ಕ ಜನ. ಚೆಲ್ಲಿದ ಅನ್ನ ತಿಪ್ಪೆಯಲ್ಲಿ ಗಾಳಿಯಾಡದೆ ಕೊಳೆತಾಗ ಮಿಥೇನ್ ಅನಿಲ ಹೊರಬಿದ್ದು ಭೂಮಿಯ ತಾಪವನ್ನು ಏರಿಸುತ್ತದೆ. ಆ ತಾಪದಿಂದ ಮೊದಲು ಬೇಯುವವರು ಬಿಸಿಲಿನಲ್ಲಿ ದುಡಿಯುವ ಕೂಲಿಕಾರರೇ ಹೊರತು ತಂಪಾದ ಕೊಠಡಿಗಳಲ್ಲಿ ಕುಳಿತವರಲ್ಲ.

ಅಕ್ಕಿಯ ಮಾತು ನೀರಿನ ಮಾತೂ ಹೌದು. ಒಂದು ಕಿಲೋಗ್ರಾಂ ಅಕ್ಕಿಯನ್ನು ಬೆಳೆಯಲು ಎರಡು ಸಾವಿರ ಲೀಟರಿಗೂ ಮಿಕ್ಕ ನೀರು ವೆಚ್ಚವಾಗುತ್ತದೆ. ಲಕ್ಕಮ್ಮನ ಅದೇ ರಾಯಚೂರು ಸೀಮೆಯಲ್ಲಿ ಇದರ ಅರ್ಥ ಪ್ರತ್ಯಕ್ಷವಾಗಿದೆ. ತುಂಗಭದ್ರಾ ಎಡದಂಡೆ ನಾಲೆಯನ್ನು ಯೋಜಿಸಿದಾಗ ಬಹುಭಾಗದ ಭೂಮಿಗೆ ಜೋಳ, ಹತ್ತಿ, ನೆಲಗಡಲೆಗಳಂಥ ಮಿತನೀರಿನ ಬೆಳೆಗಳನ್ನು ಗೊತ್ತುಪಡಿಸಲಾಗಿತ್ತು. ನೀರು ಬಂದ ಮೇಲೆ ಗಂಗಾವತಿ, ಸಿಂಧನೂರುಗಳ ಕಡೆ ಭತ್ತ ವ್ಯಾಪಿಸಿತು. ನಾಲೆಯ ಕೊನೆಯಲ್ಲಿರುವ ಮಾನ್ವಿ, ರಾಯಚೂರು ಕಡೆಯ ಹೊಲಗಳಿಗೆ ನೀರು ಅನಿಶ್ಚಿತವಾಯಿತು. ಹೂಳು ತುಂಬಿ ಜಲಾಶಯದ ಧಾರಣಶಕ್ತಿಯೂ ಮೂಲದ ಸುಮಾರು 133 ಟಿ.ಎಂ.ಸಿ. ಅಡಿಗಳಿಂದ 106ರ ಆಸುಪಾಸಿಗೆ ಕುಗ್ಗಿದೆ. ಹೀಗೆ ಮೇಲಿನವನ ಹೆಚ್ಚುವರಿ ಎಂಬುದು ಕೆಳಗಿನವನ ಕೊರತೆಯಾಗಿ ಹರಿಯುತ್ತದೆ. ನಮ್ಮ ತಟ್ಟೆಯಲ್ಲಿ ಉಳಿಸಿದ ಒಂದು ಹಿಡಿ ಅನ್ನದಿಂದ ಕೊನೆಯ ಹೊಲಕ್ಕೆ ನೀರು ಹರಿದುಬಿಡುವುದೆಂದು ಭ್ರಮಿಸಬೇಕಾಗಿಲ್ಲ. ಅದಕ್ಕೆ ಬೆಳೆಪದ್ಧತಿಯ ಶಿಸ್ತೂ ನ್ಯಾಯವಾದ ಬೆಲೆಯೂ ಬೇಕು. ಆದರೆ ಭತ್ತವನ್ನೇ ಬೇಡುವವರು ನಾವು. ವಾರದಲ್ಲಿ ಕೆಲವು ಹೊತ್ತು ಜೋಳ, ರಾಗಿ, ನವಣೆಗಳು ನಮ್ಮ ಒಲೆಯ ಮೇಲೆ ಬೆಂದರೆ ಒಣಭೂಮಿಯ ರೈತನ ಬೆಳೆಗೆ ಕೊಳ್ಳುವವರು ಹೆಚ್ಚುತ್ತಾರೆ. ಈ ಧಾನ್ಯಗಳನ್ನು ಬಡವರ ಊಟವೆಂದು ತುಚ್ಛೀಕರಿಸುವ ಭಕ್ತರು ಮಾದಾರ ಚೆನ್ನಯ್ಯನ ಕಥೆಯನ್ನು ಸ್ಮರಿಸಬೇಕು. ಚೋಳರಾಜನ ಮೃಷ್ಟಾನ್ನವನ್ನು ಬಿಟ್ಟು ಶಿವನು ಒಲಿದುದು ಆತನ ಅಂಬಲಿಗೆ.

ಎರಡನೆಯದು ಕಸದ ವಿಚಾರ. ಸತ್ಯಕ್ಕ ಶಿವಭಕ್ತರ ಅಂಗಳವನ್ನು ಗುಡಿಸುವ ಕಾಯಕವನ್ನು ಕೈಗೊಂಡಿದ್ದಳೆಂದು ಪ್ರತೀತಿ. ಗುಡಿಸುವ ಕೈಗೂ ಪೂಜಿಸುವ ಕೈಗೂ ಭೇದವಿಲ್ಲವೆಂಬುದನ್ನು ಆ ಕಾಯಕ ಸಾರಿತು. ನಾವು ಸತ್ಯಕ್ಕನ ವಚನಗಳನ್ನು ಹಾಡುತ್ತೇವೆ. ಆದರೆ ಹಸಿಕಸ, ಒಡೆದ ಗಾಜು, ಬಳಸಿ ಬಿಸುಟ ಸೂಜಿ ಇವೆಲ್ಲವನ್ನೂ ಒಂದೇ ಚೀಲದಲ್ಲಿ ಕಟ್ಟಿ ಪೌರಕಾರ್ಮಿಕರ ಕೈಗೆ ಒಪ್ಪಿಸುತ್ತೇವೆ. ನಾವು ಒಂದು ನಿಮಿಷದಲ್ಲಿ ಮಾಡದೆ ಬಿಟ್ಟ ಕೆಲಸವನ್ನು ಅವರು ಬರಿಗೈಯಿಂದ, ರಕ್ತ ಸುರಿಸಿ ಮಾಡಬೇಕಾಗುತ್ತದೆ. ಆ ಕೈಗಳಲ್ಲಿ ಬಹುಪಾಲು ದಲಿತ ಸಮುದಾಯದ ಕೈಗಳೆಂಬುದನ್ನು ಮರೆಯುವಂತಿಲ್ಲ. 2016ರ ಘನತ್ಯಾಜ್ಯ ನಿಯಮಗಳು ಕಸವನ್ನು ಮೂಲದಲ್ಲಿಯೇ ಬೇರ್ಪಡಿಸುವ ಹೊಣೆಯನ್ನು ಮನೆಯವರ ಮೇಲೆ ಹೊರಿಸಿದುವು. ಕಾನೂನು ಹೇಳುವುದಕ್ಕೆ ಎಂಟು ಶತಮಾನಗಳ ಹಿಂದೆಯೇ ಶರಣಧರ್ಮ ಹೇಳಿದುದು ಇಷ್ಟೆ: ನಿನ್ನ ಮೈಲಿಗೆಯನ್ನು ಇನ್ನೊಬ್ಬನ ಜಾತಿಗೆ ಅಂಟಿಸಬೇಡ. ಕಸವನ್ನು ಬೇರ್ಪಡಿಸುವುದು ಈ ಅರ್ಥದಲ್ಲಿ ಬರಿಯ ನಾಗರಿಕ ಶಿಸ್ತಲ್ಲ. ಅದು ಅಸ್ಪೃಶ್ಯತೆಯ ನಿರಾಕರಣೆ.

ಮೂರನೆಯದು ನಮ್ಮ ಧಾರ್ಮಿಕ ಸಮಾರಂಭಗಳಿಗೆ ಸಂಬಂಧಿಸಿದುದು. ಇದನ್ನು ವಿನಯಪೂರ್ವಕವಾಗಿ ಅರಿಕೆ ಮಾಡಬೇಕಾಗಿದೆ. ಏಕಬಳಕೆಯ ಪ್ಲಾಸ್ಟಿಕ್ ತಟ್ಟೆ-ಲೋಟಗಳನ್ನು ದೇಶಾದ್ಯಂತ ನಿಷೇಧಿಸಿದುದು 2022ರ ಜುಲೈ 1ರಂದು. ಕರ್ನಾಟಕವು 2016ರಲ್ಲಿಯೇ ಇಂಥ ನಿಷೇಧವನ್ನು ಹೊರಡಿಸಿತ್ತು. ಆದರೂ ಜಾತ್ರೆಯ ಮರುದಿನ ದಾಸೋಹದ ಬಯಲನ್ನು ನೋಡಿದರೆ ಪ್ರಸಾದ ಯಾವುದು, ಕಸ ಯಾವುದು ಎಂದು ತಿಳಿಯದಂತಾಗಿರುತ್ತದೆ. ಅಷ್ಟಾವರಣಗಳಲ್ಲಿ ಒಂದಾದ ಪ್ರಸಾದವನ್ನು ಎಲೆಯಲ್ಲಿ ಬಿಟ್ಟೇಳುವುದು ಎಷ್ಟರಮಟ್ಟಿಗೆ ಭಕ್ತಿ? ಮುತ್ತುಗದ ಎಲೆ, ಬಾಳೆಯ ಎಲೆ ಅಥವಾ ತೊಳೆದು ಬಳಸುವ ತಟ್ಟೆ. ಮೊದಲು ಸ್ವಲ್ಪ ಬಡಿಸಿ ಕೇಳಿದವರಿಗೆ ಮತ್ತೆ ಬಡಿಸುವ ಕ್ರಮ. ಉಳಿದುದನ್ನು ಆರುವ ಮುನ್ನವೇ ಹಸಿದವರಿಗೆ ಮುಟ್ಟಿಸುವ ಏರ್ಪಾಡು. ಈ ಮೂರೂ ಹೊಸ ಖರ್ಚಿನವಲ್ಲ. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ವಿದ್ಯಾರ್ಥಿಗಳಿಗೆ ನಿತ್ಯವೂ ನಡೆದುಬಂದಿರುವ ದಾಸೋಹದ ಹಿಂದೆ ರೈತರು ಭಕ್ತಿಯಿಂದ ತಂದೊಪ್ಪಿಸುವ ಧಾನ್ಯವಿದೆ. ಅಂಥ ಧಾನ್ಯದ ಒಂದು ಅಗುಳನ್ನು ಚೆಲ್ಲಿದರೂ ಒಬ್ಬರ ಕಾಯಕವನ್ನು ಚೆಲ್ಲಿದಂತೆ.

ಈ ಆಚರಣೆಗಳು ಬಡವರಿಗೆ ಉಪದೇಶಿಸಬೇಕಾದುವಲ್ಲ ಎಂಬುದನ್ನೂ ಹೇಳಬೇಕು. ಅವರ ಮನೆಗಳಲ್ಲಿ ಚೆಲ್ಲುವಷ್ಟು ಅನ್ನವೂ ಹರಿಯಬಿಡುವಷ್ಟು ನೀರೂ ಇರುವುದಿಲ್ಲ. ಮಿತಿಯ ಪಾಠ ಉಳ್ಳವರಿಗೆ. ಲಕ್ಕಮ್ಮನ ಹಿರಿಮೆ ಇರುವುದೂ ಇಲ್ಲಿಯೇ: ಕಡುಬಡವಳಾದ ಆಕೆ ಹೆಚ್ಚಿನ ಅಕ್ಕಿಯನ್ನು ಇಟ್ಟುಕೊಂಡಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆಕೆಯೇ ಒಲ್ಲೆನೆಂದ ಮೇಲೆ, ತುಂಬಿದ ಕಣಜದವರು ಏನೆಂದು ಉತ್ತರಿಸಬೇಕು? ನಾಳೆ ಅಡುಗೆಗೆ ಅಕ್ಕಿಯನ್ನು ಅಳೆಯುವ ಹೊತ್ತಿನಲ್ಲಿ ಈ ಪ್ರಶ್ನೆಯನ್ನು ಪ್ರತಿಯೊಂದು ಮನೆಯೂ ಕೇಳಿಕೊಂಡರೆ ವಚನಾಭ್ಯಾಸ ಸಾರ್ಥಕವಾದೀತು.